ಕಲಿತ ಬಾಗಿಲು

"ಅಮ್ಮನವರು ಮನೆಯಲ್ಲಿಲ್ಲ," ಎಂದಿತು ಬಾಗಿಲು.

ಲೇಡಿ ಹಾನೋರಿಯಾ ಥಾರ್ನ್‌ಬಿ ಕಾಗದದಲ್ಲಿ ಸುತ್ತಿದ ಮೀನನ್ನು ಬಲಗಂಕುಳಿಂದ ಎಡಗಂಕುಳಿಗೆ ಬದಲಿಸಿದಳು. ಬಾಗಿಲಿಗೆ ಜಡಿದ ಕಂಚಿನ ಸಿಂಹ ಅವಳ ತಲೆಯ ಮೇಲಿಂದ ಬೀದಿ ನೋಡುತ್ತಿತ್ತು.

"ನಾನೇ ಕಣೋ ಅಮ್ಮನವರು," ಎಂದಳು ಮೆಲ್ಲಗೆ.

"ಅಮ್ಮನವರು ನಡೆದು ಬರುವವರಲ್ಲ. ಮೀನು ಹೊತ್ತು ಬರುವವರಂತೂ ಅಲ್ಲವೇ ಅಲ್ಲ."

ತಪ್ಪು ಬಾಗಿಲಿನದಲ್ಲ. ವೆಲ್ಬರಿಯಲ್ಲಿ ಮಾತಾಡುವ ಬಾಗಿಲಿರುವ ಮನೆಗಳು ಬೆರಳೆಣಿಕೆಯಷ್ಟು. ಹೊಸದಾಗಿ ಹಣ ಕಂಡವರು ಎಷ್ಟು ಸುರಿದರೂ ಆ ಮಂತ್ರ ಅವರ ಬಾಗಿಲ ಮರಕ್ಕೆ ಹತ್ತುತ್ತಿರಲಿಲ್ಲ. ಹತ್ತಿದ ಬಾಗಿಲಾದರೂ ತಾನಾಗಿ ಏನನ್ನೂ ಅರಿಯದು. ಮನೆಯೊಡತಿ ಕಲಿಸಿದ್ದನ್ನು ಕಲಿಯುತ್ತದೆ, ಕಲಿತದ್ದನ್ನು ಮರೆಯುವುದಿಲ್ಲ. ಮುಖ ನೋಡಬೇಡ, ಮುಖ ಯಾರದ್ದಾದರೂ ಚೆನ್ನಾಗಿರಬಹುದು. ಸಾರೋಟು ನೋಡು, ಬೂಟು ನೋಡು, ಕೈಯಲ್ಲಿ ಗಂಟಿದೆಯೇ ನೋಡು ಎಂದು ಪಾಠ ಹೇಳಿದವಳು ಹಾನೋರಿಯಾಳೇ. ಆಗ ಅವಳಿಗೆ ಸಾರೋಟಿತ್ತು. ಈಗ ಅದು ಹೋಗಿ, ಆಳುಗಳೂ ಒಬ್ಬೊಬ್ಬರಾಗಿ ಹೋಗಿ, ಉಳಿದಿದ್ದ ಅಡುಗೆಯವಳು ಹಲ್ಲುನೋವೆಂದು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಮಗಳು ಲೆಟಿ ಮಹಡಿಯಲ್ಲಿದ್ದಳು. ಕೂಗಿದರೆ ಕೇಳೀತು, ಆದರೆ ಎದುರುಮನೆಯ ಪರದೆ ಆಗಲೇ ಬೆರಳಷ್ಟು ಸರಿದಿತ್ತು.

"ಅದರ ಹತ್ರ ವಾದ ಮಾಡ್ಬೇಡಿ ಅಮ್ಮಾ," ಎಂದಿತು ಹಿಂದಿನಿಂದ ಒಂದು ದನಿ. "ನಂಗೂ ದಿನಾ ಇದೇ ಪಾಠ ಒಪ್ಪಿಸ್ತದೆ."

ಮೆಟ್ಟಿಲ ಕೆಳಗೆ ಅಗಲ ಭುಜದ ತರುಣನೊಬ್ಬ ಹ್ಯಾಟು ತೆಗೆದು ನಿಂತಿದ್ದ. ಹುಳಿಬಂದ ಬಾರ್ಲಿಯ ವಾಸನೆಯಿಂದಲೇ ಯಾರೆಂದು ತಿಳಿಯಿತು: ಬಿಯರ್ ಭಟ್ಟಿಯ ಪಾಸ್ಕೋ. ಮದುವೆಯಾದರೆ ಇವನನ್ನೇ ಎಂದು ಲೆಟಿ ಹಟ ಹಿಡಿದಿದ್ದಳು. ಇವನನ್ನು ಮಾತ್ರ ಹೊಸಿಲು ದಾಟಿಸಬೇಡ ಎಂದು ಹಾನೋರಿಯಾ ಬಾಗಿಲಿಗೆ ಒತ್ತಿ ಹೇಳಿದ್ದಳು. ಬಾಗಿಲು ಅದನ್ನು ಎಷ್ಟು ಚೆನ್ನಾಗಿ ಪಾಲಿಸಿತ್ತೆಂದರೆ ಅವನು ಇವಳ ಮುಖವನ್ನೇ ಕಂಡಿರಲಿಲ್ಲ.

ಹೊಸ ಅಡುಗೆಯವರೇ ಎಂದು ಕೇಳಿದ. ಅವಳು ಉತ್ತರ ಹುಡುಕುವಷ್ಟರಲ್ಲಿ ಮೀನು ಅವನ ಕೈಯಲ್ಲಿತ್ತು. ಇಬ್ಬರೂ ಹಿತ್ತಿಲ ಓಣಿಗೆ ತಿರುಗಿದರು. ಈ ಮನೆಗೆ ಸೊಸೆಯಾಗಿ ಬಂದಮೇಲೆ ಅವಳು ಆ ಓಣಿಗೆ ಕಾಲಿಟ್ಟವಳಲ್ಲ.

ಪಾಸ್ಕೋ ನಡೆಯುತ್ತಲೇ ತನ್ನ ಕಥೆ ಹೇಳಿದ. ಉತ್ತರದ ಕಡೆ ಹೊಸ ಭಟ್ಟಿ ಹಾಕಲು ಇಂದೇ ಸಂಜೆಯ ಗಾಡಿಗೆ ಹೊರಟಿದ್ದ. ತಾಯಿ ಒಪ್ಪದೆ ಲೆಟಿ ಬರುವವಳಲ್ಲ. ಇಂದೂ ಇಲ್ಲವೆನ್ನಿಸಿಕೊಂಡರೆ ಅದೇ ಮನೆಯ ಮಾತೆಂದು ತಿಳಿದು, ಇನ್ನೆಂದೂ ಆ ಹುಡುಗಿಯನ್ನು ಕಾಡುವುದಿಲ್ಲ ಎಂದ.

"ಹೆಣ್ಣು ಕೇಳೋಕೆ ಹಿತ್ತಿಲಿಂದ ಹೋಗ್ಬಾರ್ದು ಅಂತ ಇಷ್ಟು ದಿನ ಮುಂದೇನೇ ನಿಂತೆ. ಇವತ್ತು ಮೀನಿನ ನೆಪ. ನಿಮ್ಮ ಯಜಮಾನಿ ಹೆಂಗಮ್ಮಾ? ನಿಜ ಹೇಳಿ."

"ಮೂಗು ಸ್ವಲ್ಪ ಮೇಲೆ," ಎಂದಳು ಹಾನೋರಿಯಾ.

"ಸ್ವಲ್ಪಾನಾ? ಮಳೆ ಬಂದ್ರೆ ಒಳಗೆ ನೀರು ಹೋಗತ್ತೆ ಅಂತಾಳೆ ಲೆಟಿ."

"ಮಗಳೇ ಹಾಗಂದ್ಳಾ?"

"ನಗ್ತಾ ಅಂದ್ಳು, ಆಮೇಲೆ ಅತ್ತಳು. ಅಮ್ಮ ಬಾಗ್ಲು ಹಾಕ್ಕೊಂಡು ತನ್ನ ಕೈಗವಸಿಗೆ ತಾನೇ ಹೊಲಿಗೆ ಹಾಕ್ಕೋತಾಳೆ, ಯಾರೂ ನೋಡಿಲ್ಲ ಅಂದ್ಕೊಂಡಿದಾಳೆ, ಅವಳನ್ನ ಬಿಟ್ಟು ಹೆಂಗೆ ಬರ್ಲಿ ಅಂತ."

ಹಾನೋರಿಯಾ ಕೈಗವಸಿನ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಹಿತ್ತಿಲ ಬಾಗಿಲಿಗೆ ಯಾರೂ ಮಂತ್ರ ಖರ್ಚು ಮಾಡಿರಲಿಲ್ಲ. ಪಾಸ್ಕೋ ಭುಜ ಕೊಟ್ಟ, ತೆರೆಯಿತು. ಮೀನನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಕೈ ತೊಳೆದು, ಹ್ಯಾಟು ಹಿಡಿದು ಗೋಡೆಗೆ ಒತ್ತಿ ನಿಂತ. ಅಮ್ಮನವರು ಮನೆಯಲ್ಲಿದ್ದಾರೆಯೇ ಎಂದು ಒಮ್ಮೆ ಕೇಳಿ ಬರಲು ಅವಳನ್ನೇ ಬೇಡಿಕೊಂಡ.

ಅವಳು ಒಂದೊಂದೇ ಬೆರಳು ಎಳೆದು ಕೈಗವಸು ಬಿಚ್ಚತೊಡಗಿದಳು. ತೋರುಬೆರಳ ತುದಿಯಲ್ಲಿ ಹೊಲಿಗೆ ದಪ್ಪಗೆ ಎದ್ದಿತ್ತು. ಅವನ ಕಣ್ಣು ಅಲ್ಲಿ ನಿಂತಿತು. ಅಲ್ಲಿಂದ ಮೆಲ್ಲಗೆ ಅವಳ ಮೂಗಿಗೆ ಏರಿತು. ಅವನ ಕಿವಿಗಳು ಕೆಂಪಾದವು.

"ಮನೇಲಿದ್ದಾರೆ," ಎಂದಳು ಹಾನೋರಿಯಾ. "ಕೂತ್ಕೋಪ್ಪ. ಟೀ ಮಾಡ್ತೀನಿ."

ಮಹಡಿಯ ಮೆಟ್ಟಿಲ ಮೇಲೆ ಲೆಟಿಯ ಹೆಜ್ಜೆ ಕೇಳಿಸಿ, ನಡುವೆ ನಿಂತಿತು. ಒಲೆಯ ಮೇಲೆ ಇಟ್ಟ ನೀರು ಸದ್ದು ಮಾಡುತ್ತಿತ್ತು. ಹಾನೋರಿಯಾ ಒಂದು ಕಪಾಟು ತೆರೆದಳು: ಉಪ್ಪಿನ ಜಾಡಿಗಳು. ಇನ್ನೊಂದು ತೆರೆದಳು: ಮೇಣದಬತ್ತಿಯ ತುಂಡುಗಳು. ಈ ಮನೆಯಲ್ಲಿ ಕಪ್ಪುಗಳನ್ನು ಎಲ್ಲಿಡುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಸೊಂಟ ಬಗ್ಗಿಸಿ ಕೆಳಗಿನದಕ್ಕೆ ಕೈ ಹಾಕಿದಳು.