ಎಡಕ್ಕೆ ವಾಲುವ ಯಂತ್ರ

ಬೆಟ್ಟದ ಬುಡದಲ್ಲಿದ್ದ ಸೈನ್ಯದ ಲಾಯದಲ್ಲಿ ಒಂದು ಕಾಲಕ್ಕೆ ಅರವತ್ತು ಹೇಸರಗತ್ತೆಗಳಿದ್ದವು. ಮೇಲಿನ ಠಾಣೆಗಳಿಗೆ ಹಿಟ್ಟು, ಎಣ್ಣೆ, ಮದ್ದುಗುಂಡು ಎಲ್ಲವೂ ಅವುಗಳ ಬೆನ್ನ ಮೇಲೆಯೇ ಹೋಗಬೇಕಿತ್ತು. ಅರ್ಧ ಬೆಟ್ಟಕ್ಕೆ ರಸ್ತೆ ಬಂದ ಮೇಲೆ ಅರವತ್ತು ಮೂವತ್ತಾಯಿತು, ಮೂವತ್ತು ಹದಿನಾಲ್ಕಕ್ಕೆ ಇಳಿಯಿತು. ಆ ಹದಿನಾಲ್ಕರಲ್ಲಿ ಹಿರಿಯಳೇ ಯಜಮಾನಿ. ಸರ್ಕಾರದ ಲೆಕ್ಕದಲ್ಲಿ ಅವಳಿಗೆ ಇದ್ದದ್ದು ಗೊರಸಿನ ಮೇಲೆ ಸುಟ್ಟು ಒತ್ತಿದ ಒಂದು ನಂಬರು ಮಾತ್ರ. ಯಜಮಾನಿ ಎಂದು ಕರೆದವನು ಅವಳನ್ನು ನೋಡಿಕೊಳ್ಳುತ್ತಿದ್ದ ಲಾಯದಣ್ಣ. ಅವಳ ಮನಸ್ಸಿಗೆ ಬಾರದೆ ಆ ಲಾಯದಲ್ಲಿ ಒಂದು ಹಗ್ಗವೂ ಅಲ್ಲಾಡುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಲಾಯದಣ್ಣನ ಹೆಂಡತಿ ಇದನ್ನು ಮೊದಲ ಸಲ ಕೇಳಿದಾಗ, ಕಟ್ಟಿಕೊಂಡವಳನ್ನು ಒಂದು ದಿನವೂ ಹಾಗೆ ಕರೆಯದ ಬಾಯಿ ಲಾಯದಲ್ಲಿ ಚೆನ್ನಾಗಿ ಆಡುತ್ತದೆ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಲಾಯದಣ್ಣನಿಗೂ ಯಜಮಾನಿಗೂ ನಡುವೆ ಒಂದು ಗುಟ್ಟಿತ್ತು. ಹತ್ತೊಂಬತ್ತು ವರ್ಷದ ಕೆಳಗೆ, ಅವಳು ಇನ್ನೂ ಹೊಸಬಳಾಗಿದ್ದಾಗ, ಮಂಜು ಬಿದ್ದ ಇಳಿಜಾರಿನಲ್ಲಿ ಬೆನ್ನ ಮೇಲಿನ ಪೆಟ್ಟಿಗೆ ಜಾರಿ ಅವಳೂ ಕಣಿವೆಯ ಕಡೆಗೆ ಜಾರತೊಡಗಿದಳು. ಲಾಯದಣ್ಣ ಹಿಂದೆಮುಂದೆ ನೋಡದೆ ತನ್ನ ಎಡಗಾಲನ್ನೇ ಅಡ್ಡ ಕೊಟ್ಟ. ಅವಳು ಉಳಿದಳು, ಮಂಡಿ ಉಳಿಯಲಿಲ್ಲ. ಡಾಕ್ಟರಿಗೆ ತೋರಿಸಿದರೆ ಕಾಲು ಬಾರದವನೆಂದು ಬರೆದು ಯಾವುದೋ ಉಗ್ರಾಣದ ಬಾಗಿಲಲ್ಲಿ ಕೂರಿಸುತ್ತಾರೆಂದು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ಬಿಸಿ ಎಣ್ಣೆ ತಿಕ್ಕುತ್ತಾ ಬೈಯುತ್ತಿದ್ದಳು, ಅಷ್ಟೆ. ಏರುದಾರಿಯಲ್ಲಿ ಪ್ರತಿ ತಿರುವು ಬಂದಾಗಲೂ ಅವನು ಹಗ್ಗ ಸರಿಮಾಡುವವನ ಹಾಗೆ ನಿಂತು ಯಜಮಾನಿಯ ಎಡ ಹೆಗಲ ಮೇಲೆ ಮೈಭಾರ ಬಿಡುತ್ತಿದ್ದ. ಮೊದಮೊದಲು ಅವನು ನಿಲ್ಲಿಸಿದರೆ ಅವಳು ನಿಲ್ಲುತ್ತಿದ್ದಳು. ಬರಬರುತ್ತಾ ತಿರುವು ಬಂದ ಕೂಡಲೇ ತಾನೇ ನಿಂತು, ಎಡಕ್ಕೆ ಒಂದಿಷ್ಟು ವಾಲಿ, ಹೆಗಲು ಕೊಡುವುದನ್ನು ಕಲಿತಳು. ನಾಲ್ಕು ನಿಮಿಷ. ಅವನ ಉಸಿರು ಹದಕ್ಕೆ ಬಂತೆಂದು ಅವಳಿಗೇ ಗೊತ್ತಾಗುತ್ತಿತ್ತು, ಆಮೇಲೆ ಹೊರಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಲಾಯದ ಅಂಗಳದಲ್ಲಿ ಕುರ್ಚಿಗಳನ್ನು ಹಾಕಿದರು. ಕರ್ನಲ್ ಸಾಹೇಬರು ಮಾತಾಡಿದರು. ಸೈನ್ಯ, ವಿಶ್ವವಿದ್ಯಾಲಯ, ಹೊಸ ಕಂಪನಿ, ಮೂರೂ ಇನ್ನು ಮುಂದೆ ಒಂದೇ ನೊಗಕ್ಕೆ ಹೆಗಲು ಕೊಡುತ್ತವೆ ಎಂದರು. ಲಾಯದಣ್ಣ ಹಿಂದೆ ನಿಂತು ಕೇಳಿಸಿಕೊಂಡ. ನೊಗಕ್ಕೆ ಎರಡನ್ನು ಕಟ್ಟುವುದನ್ನು ಅವನು ಕಂಡಿದ್ದ, ಮೂರನೆಯದು ಎಲ್ಲಿ ನಿಲ್ಲುತ್ತದೋ ಅವನಿಗೆ ಹೊಳೆಯಲಿಲ್ಲ. ಮೂವರೂ ಸೇರಿ ಮಾಡಹೊರಟದ್ದು ನಾಲ್ಕು ಕಾಲಿನ ಒಂದು ಯಂತ್ರ. ಹುಲ್ಲು ಬೇಡ, ಲಾಳ ಬೇಡ, ಬೆಟ್ಟಕ್ಕೆ ಹೊರೆ ಹೊರುತ್ತದೆ. ಯಂತ್ರ ಪಾಸಾದ ದಿನ ಲಾಯ ಮುಚ್ಚುತ್ತೇವೆ, ಪ್ರಾಣಿಗಳನ್ನು ಹರಾಜು ಹಾಕುತ್ತೇವೆ ಎಂದೂ ಕರ್ನಲ್ ಸಾಹೇಬರು ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ಲಾಯದಣ್ಣನೂ ತಟ್ಟಿದ, ಆಮೇಲೆ ಕೈ ನೋಡಿಕೊಂಡ. ವಯಸ್ಸಾದ ಹೇಸರಗತ್ತೆಯನ್ನು ಹರಾಜಿನಲ್ಲಿ ಕೊಳ್ಳುವವರು ಇಟ್ಟಿಗೆ ಗೂಡಿನವರು ಮಾತ್ರ. ಅಲ್ಲಿಗೆ ಹೋದ ಪ್ರಾಣಿ ಎರಡು ಚಳಿಗಾಲ ಕಂಡದ್ದನ್ನು ಅವನು ಕೇಳಿರಲಿಲ್ಲ.

ಯಂತ್ರಕ್ಕೆ ನಡೆಯಲು ಕಲಿಸಲು ಒಳ್ಳೆಯ ನಡಿಗೆಯ ಒಂದು ಪ್ರಾಣಿ ಬೇಕಿತ್ತು. ವಿಶ್ವವಿದ್ಯಾಲಯದ ಪ್ರೊಫೆಸರರು ಹದಿನಾಲ್ಕನ್ನೂ ನಡೆಸಿ ನೋಡಿ ಯಜಮಾನಿಯತ್ತ ಬೆರಳು ತೋರಿಸಿದರು. ಅವಳ ನಾಲ್ಕು ಕಾಲಿಗೂ ಕುತ್ತಿಗೆಗೂ ಬೆನ್ನಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಗಳನ್ನು ಕಟ್ಟಿದರು. ದಾರಿಯುದ್ದಕ್ಕೂ ಕ್ಯಾಮೆರಾ ನೆಟ್ಟರು. ದಿನವೂ ಬಂದು ಪಟ್ಟಿ ಬಿಗಿದು ಬಿಚ್ಚುತ್ತಿದ್ದವಳು ಪ್ರೊಫೆಸರರ ಕೈಕೆಳಗೆ ಓದುತ್ತಿದ್ದ ಒಬ್ಬ ಹುಡುಗಿ, ಲಾಯದವರು ಅವಳನ್ನು ಅಳತೆಯಮ್ಮ ಎನ್ನುತ್ತಿದ್ದರು. ಯಂತ್ರ ಕಟ್ಟುತ್ತಿದ್ದವನು ಕಂಪನಿಯ ಧಣಿ. ಹೆಸರಿಗೆ ಧಣಿ, ಕಂಪನಿಯೆಲ್ಲಾ ವಿಶ್ವವಿದ್ಯಾಲಯದ ಹಳೇ ಗ್ರಂಥಾಲಯದ ಮೇಲಿನ ಎರಡು ಕೋಣೆಯಲ್ಲೇ ಇತ್ತು. ಅವನು ಫೋನಿನಲ್ಲಿ ಇಡೀ ಪ್ರಪಂಚವನ್ನು ಬದಲಾಯಿಸುತ್ತಾ, ಮಧ್ಯೆ ಮಧ್ಯೆ ಲಾಯದಣ್ಣನ ಹತ್ತಿರ ಸುತ್ತಿಗೆ ಕೇಳಿ ಒಯ್ಯುತ್ತಿದ್ದ.

ಯಂತ್ರ ಕೆಟ್ಟರೆ ಯಜಮಾನಿ ಉಳಿಯುತ್ತಾಳೆ ಎಂಬುದು ಲಾಯದಣ್ಣನಿಗೆ ತಿಳಿಯದ ಲೆಕ್ಕವೇನಲ್ಲ. ಎರಡು ದಿನ ಅವಳನ್ನು ಅಡ್ಡಾದಿಡ್ಡಿ ನಡೆಸಲು ನೋಡಿದ. ಲಗಾಮು ತಪ್ಪಾಗಿ ಎಳೆದ, ಕಲ್ಲಿರುವ ಕಡೆ ತಿರುಗಿಸಿದ. ಅವಳು ಇವನಿಗೆ ಏನಾಗಿದೆ ಎನ್ನುವ ಹಾಗೆ ಒಮ್ಮೆ ನೋಡಿ, ತನ್ನ ಪಾಡಿಗೆ ತಾನು ಸರಿಯಾಗಿ ನಡೆದಳು. ಕೆಟ್ಟದಾಗಿ ನಡೆಯುವುದು ಅವಳಿಗೆ ಬರುತ್ತಲೇ ಇರಲಿಲ್ಲ. ನಾಲ್ಕು ತಿಂಗಳ ಮೇಲೆ ಯಂತ್ರ ಬೆಟ್ಟಕ್ಕೆ ಬಂದು ಅವಳ ಹಾಗೆಯೇ ಗೊರಸೂರಿ, ಅವಳ ಹಾಗೆಯೇ ಕಲ್ಲು ನೋಡಿ ಕಾಲಿಡುತ್ತಾ ಹೊರಟಿತು. ಹೆಂಡತಿಗೆ ಬಂದು ಹೇಳಿದಾಗ ಅವಳು ಒಲೆಯ ಮುಂದೆಯೇ ನಕ್ಕಳು. ಹೇಸರಗತ್ತೆಗೆ ಮರಿಯಾಗುವುದಿಲ್ಲ ಎನ್ನುತ್ತಿದ್ದಿರಿ, ಅಂತೂ ನಿಮ್ಮ ಯಜಮಾನಿಗೂ ಒಂದು ಕಬ್ಬಿಣದ ಮರಿಯಾಯಿತಲ್ಲ ಎಂದಳು.

ಮರಿ ಮೊದಲ ತಿರುವಿಗೆ ಬಂದದ್ದೇ ನಿಂತಿತು. ನಿಂತು ಎಡಕ್ಕೆ ವಾಲಿತು. ನಾಲ್ಕು ನಿಮಿಷ ಹಾಗೇ ಇದ್ದು, ಆಮೇಲೆ ಏನೂ ಆಗದ ಹಾಗೆ ಹೊರಟಿತು. ಎರಡನೆಯ ತಿರುವಿನಲ್ಲೂ ಅದೇ ಕತೆ. ಕಂಪನಿಯ ಧಣಿ ಬ್ಯಾಟರಿ ಬದಲಾಯಿಸಿದ, ಎಡಗಾಲಿನ ತಿರುಪೆಲ್ಲಾ ಬಿಚ್ಚಿ ಬಿಗಿದ. ಪ್ರೊಫೆಸರರು ಕಂಪ್ಯೂಟರಿನ ಮುಂದೆ ಎರಡು ತಿಂಗಳು ತಲೆ ಕೆಡಿಸಿಕೊಂಡರು. ದೋಷ, ದೋಷ ಎನ್ನುವುದೊಂದೇ ಅವರ ಬಾಯಲ್ಲಿ. ಲಾಯದಣ್ಣ ಮೊದಲ ದಿನವೇ ಆ ವಾಲುವಿಕೆ ನೋಡಿದ್ದ. ಖಾಲಿ ಗಾಳಿಗೆ ಹೆಗಲು ಕೊಟ್ಟು ನಿಂತ ಆ ಕಬ್ಬಿಣವನ್ನು ಕಂಡು ಅವನ ಕೈ ತಾನಾಗಿ ಅತ್ತ ಹೋಗಿತ್ತು, ಯಾರೂ ನೋಡುವ ಮೊದಲೇ ಹಿಂದಕ್ಕೆ ತೆಗೆದುಕೊಂಡ. ಹೇಳಿದರೆ ಅವನ ಮಂಡಿಯ ಗುಟ್ಟೂ ಬಯಲು, ಯಂತ್ರದ ರೋಗವೂ ವಾಸಿ. ಹೇಳದಿದ್ದರೆ ಯಂತ್ರ ಫೇಲು, ಯಜಮಾನಿ ಲಾಯದಲ್ಲಿ. ಪರೀಕ್ಷೆಯ ದಿನ ದೊಡ್ಡ ಸಾಹೇಬರ ಮುಂದೆ ಯಂತ್ರ ಒಂದೇ ಒಂದು ಸಲ ನಿಂತರೂ ಇಡೀ ಯೋಜನೆಗೆ ಬೀಗ ಎಂದು ಕರ್ನಲ್ ಸಾಹೇಬರು ಎಲ್ಲರೆದುರೇ ಹೇಳಿದ್ದರು. ಲಾಯದಣ್ಣ ಬಾಯಿಗೆ ಬೀಗ ಹಾಕಿಕೊಂಡು ಆ ದಿನಕ್ಕೆ ಕಾದ.

ದೊಡ್ಡ ಸಾಹೇಬರು ಎಂದರೆ ಜನರಲ್ಲು, ತೂಕದ ಮನುಷ್ಯ, ವಯಸ್ಸಿನಲ್ಲೂ ಮೈಯಲ್ಲೂ. ಕೆಳಗೆ ಕುಳಿತು ನೋಡಿ ಎಂದರೆ ಕೇಳದೆ, ಯಂತ್ರದ ಹಿಂದೆಯೇ ನಡೆದುಬರುತ್ತೇನೆಂದು ಹಟ ಹಿಡಿದರು. ಅವರು ನಡೆದ ಮೇಲೆ ಉಳಿದವರೂ ನಡೆಯಲೇಬೇಕಾಯಿತು. ಮೊದಲ ತಿರುವು ಬರುವ ಹೊತ್ತಿಗೆ ಜನರಲ್ಲರ ಮುಖ ಕೆಂಡವಾಗಿತ್ತು, ಅವರು ನಿಲ್ಲುವಂತಿಲ್ಲ, ಅವರು ನಿಲ್ಲದೆ ಬೇರೆಯವರು ನಿಲ್ಲುವಂತಿಲ್ಲ. ಆಗ ಯಂತ್ರ ನಿಂತಿತು. ಎಡಕ್ಕೆ ವಾಲಿತು. ಕಂಪನಿಯ ಧಣಿ ಕಣ್ಣು ಮುಚ್ಚಿಕೊಂಡ. ಎಲ್ಲರ ಹಿಂದೆ ಯಜಮಾನಿಯನ್ನು ಹಿಡಿದುಕೊಂಡು ಬರುತ್ತಿದ್ದ ಲಾಯದಣ್ಣ ಅವಳ ಕಿವಿಯ ಹಿಂದೆ ತುರಿಸಿದ, ಗೆದ್ದೆವು ಎಂದುಕೊಂಡ.

ಜನರಲ್ಲರು ಮುಂದೆ ಬಂದರು. ತಮ್ಮ ಮುಂದೆಯೇ ಬಾಗಿದ ಆ ಹೆಗಲ ಮೇಲೆ ಕೈಯಿಟ್ಟರು, ಮೊಣಕೈಯೂರಿದರು, ಕೊನೆಗೆ ಮೈಯನ್ನೇ ಬಿಟ್ಟರು. ನಾಲ್ಕು ನಿಮಿಷ ಎಲ್ಲರಿಗೂ ಉಸಿರಾಡುವುದೇ ಕೆಲಸವಾಯಿತು. ಅವರ ಏದುಸಿರು ಇಳಿಯುವುದಕ್ಕೂ ಯಂತ್ರ ಹೊರಡುವುದಕ್ಕೂ ಸರಿಹೋಯಿತು.

"ಇದಕ್ಕೆ ಜೊತೆಗಿರೋರ ಮೇಲೆ ಕಾಳಜಿ ಇದೆ ಕಣ್ರೀ" ಎಂದರು ಜನರಲ್ಲರು. "ನಂದು ಇಷ್ಟು ವರ್ಷದ ಸರ್ವಿಸು, ಇಂಥದ್ದನ್ನ ನೋಡಿಲ್ಲ."

ಎರಡು ತಿಂಗಳು ದೋಷವೆಂದು ತಲೆ ಚಚ್ಚಿಕೊಂಡಿದ್ದ ಪ್ರೊಫೆಸರರು ರೆಪ್ಪೆ ಬಡಿಯುವುದರೊಳಗೆ ಎದುರಿಗೆ ಬಂದರು.

"ಹೌದು ಸರ್. ಸೈನಿಕರ ದಣಿವನ್ನ ಅದು ಮೊದಲೇ ಗ್ರಹಿಸುತ್ತೆ. ಅದೇ ನಮ್ಮ ವಿಶೇಷ."

ಇಂಥ ನಲವತ್ತು ಯಂತ್ರ ಬೇಕೆಂದು ಅಲ್ಲೇ ತೀರ್ಮಾನವಾಯಿತು. ಇಳಿಯುವಾಗ ಕಂಪನಿಯ ಧಣಿ ಖುಷಿಯಲ್ಲಿ ಲಾಯದಣ್ಣನನ್ನೂ ತಬ್ಬಿಕೊಂಡ. ತಿಂಗಳ ಕೊನೆಗೆ ಲಾಯ ಮುಚ್ಚುವ ಆದೇಶ ಬಂತು. ಅದರ ಮಾರನೆಯ ದಿನವೇ ಇಟ್ಟಿಗೆ ಗೂಡಿನವರಿಬ್ಬರು ಬಂದು ಯಜಮಾನಿಯ ತುಟಿ ಮೇಲೆತ್ತಿ ಹಲ್ಲು ನೋಡಿದರು. ಮುದಿಯಾಯಿತು, ಆದರೆ ಬೆನ್ನು ಗಟ್ಟಿಯಿದೆ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಹೋದರು. ಲಾಯದಣ್ಣ ಆ ದಿನ ಊಟ ಮಾಡಲಿಲ್ಲ.

ಅಳತೆಯಮ್ಮ ತನ್ನ ಪಟ್ಟಿಗಳನ್ನೂ ಪೆಟ್ಟಿಗೆಗಳನ್ನೂ ತೆಗೆದುಕೊಂಡು ಹೋಗಲು ಬಂದಾಗ ಅವನು ಹುಲ್ಲಿನ ಕಟ್ಟಿನ ಮೇಲೆ ಕುಳಿತಿದ್ದ. ಬಾಯಿ ಮುಚ್ಚಿಕೊಂಡು ಯಜಮಾನಿಯನ್ನು ಉಳಿಸಿಕೊಳ್ಳಲಾಗಲಿಲ್ಲ, ಇನ್ನು ಬಾಯಿ ಬಿಟ್ಟು ನೋಡುವುದೊಂದೇ ಉಳಿದದ್ದು.

"ಅದಕ್ಕೆ ಯಾರ ದಣಿವೂ ತಿಳಿಯೋದಿಲ್ಲ ಮಗಳೇ" ಎಂದ. "ಅದು ನನ್ನ ಮಂಡಿ."

ಅವಳಿಗೆ ಅರ್ಥವಾಗಲಿಲ್ಲ. ಅವನು ಎದ್ದು ಯಜಮಾನಿಯನ್ನು ಹಿಡಿದುಕೊಂಡು ಮೊದಲ ತಿರುವಿನ ತನಕ ನಡೆದು ತೋರಿಸಿದ. ಯಜಮಾನಿ ನಿಂತಳು, ವಾಲಿದಳು, ಅವನು ಒರಗಿದ. ಹುಡುಗಿ ಕೈಯಲ್ಲಿದ್ದ ಪಟ್ಟಿಗಳನ್ನು ಕೆಳಗಿಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು.

"ನಿಮ್ಮನ್ನ ನಾನೇ ಅಳಿಸಿದ್ದು ಅಣ್ಣ."

"ಎಲ್ಲಿಂದ?"

"ಕ್ಯಾಮೆರಾದ ಚಿತ್ರಗಳಿಂದ. ಪ್ರಾಣಿ ಬಿಟ್ಟು ಬೇರೆ ಏನು ಅಡ್ಡ ಬಂದ್ರೂ ತೆಗೀಬೇಕು ಅಂತ ಹೇಳಿದ್ರು. ನಾಲ್ಕು ತಿಂಗಳು ದಿನಾ ಸಂಜೆ ಕೂತು ನಿಮ್ಮನ್ನ ಅಳಿಸಿದ್ದೀನಿ."

"ಚೆನ್ನಾಗೇ ಅಳಿಸಿದ್ದೀಯ ಬಿಡು" ಎಂದ ಲಾಯದಣ್ಣ. "ಗುರುತೇ ಉಳಿದಿಲ್ಲ."

ಅವಳು ನೇರ ಪ್ರೊಫೆಸರರ ಕೋಣೆಗೆ ಹೋದಳು. ಪ್ರೊಫೆಸರರು ಕೇಳಿ ಮೊದಲು ಬಾಗಿಲು ಹಾಕಿದರು, ಆಮೇಲೆ ಕಿಟಕಿ ಹಾಕಿದರು. ದಣಿವನ್ನು ಗ್ರಹಿಸುವ ಯಂತ್ರದ ಬಗ್ಗೆ ಅವರ ಲೇಖನ ಆಗಲೇ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದು ಮಂಡಿನೋವೆಂದು ಹೊರಗೆ ಬಂದರೆ ಅವರು ತಲೆ ಎತ್ತಿ ತಿರುಗುವಂತಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹೊಸ ನಲವತ್ತು ಯಂತ್ರಗಳ ಕಾಲು ಹಳೆಯದಕ್ಕಿಂತ ಒಂದು ಗೇಣು ಹೆಚ್ಚು ಉದ್ದ, ಅವಕ್ಕೆ ಹಳೆಯ ಪಾಠ ಒಗ್ಗದು, ಮೊದಲಿನಿಂದ ಕಲಿಸಬೇಕು. ಉಳಿದ ಹದಿಮೂರು ಹೇಸರಗತ್ತೆಗಳನ್ನು ಎರಡು ದಿನ ಗುಟ್ಟಾಗಿ ನಡೆಸಿ ನೋಡಿದರು. ಒಂದೂ ತಿರುವಿನಲ್ಲಿ ನಿಲ್ಲಲಿಲ್ಲ, ಬೆಟ್ಟದ ತುದಿಗೆ ಹೋಗಿ ಮೇಯುತ್ತಾ ನಿಂತವು. ಜನರಲ್ಲರು ಮೆಚ್ಚಿದ ಗುಣ ಇಡೀ ದೇಶದಲ್ಲಿ ಇದ್ದದ್ದು ಒಂದೇ ಹೆಗಲಲ್ಲಿ, ಆ ಹೆಗಲು ಹರಾಜಿಗೆ ಹೊರಟಿತ್ತು.

ಯಜಮಾನಿಯನ್ನು ಹರಾಜು ಹಾಕದೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಡಬೇಕೆಂದು ಸೈನ್ಯಕ್ಕೆ ಕಾಗದ ಬರೆದವಳು ಅಳತೆಯಮ್ಮ. ಸಹಿ ಪ್ರೊಫೆಸರರದು. ಸೈನ್ಯದಿಂದ ವಾರದೊಳಗೆ ಒಪ್ಪಿಗೆ ಬಂತು. ಹರಾಜಿನ ದಿನ ಹದಿಮೂರು ಪ್ರಾಣಿಗಳು ಲಾರಿ ಹತ್ತಿದವು. ಲಾಯದಣ್ಣ ಒಂದೊಂದರ ಕುತ್ತಿಗೆಯ ಹಗ್ಗವನ್ನೂ ತಾನೇ ಬಿಚ್ಚಿಕೊಟ್ಟ. ಅವುಗಳಿಗೂ ಮನುಷ್ಯರ ನೋವು ಏನಾದರೂ ಕಲಿಸಿದ್ದರೆ ಆಗುತ್ತಿತ್ತು ಎಂದು ಅವನಿಗೆ ಅನ್ನಿಸಿತು. ಹದಿನಾಲ್ಕನೆಯವಳು ವಿಶ್ವವಿದ್ಯಾಲಯದ ಹಿತ್ತಲಿನ ಹೊಸ ಕೊಟ್ಟಿಗೆಗೆ ನಡೆದುಕೊಂಡೇ ಹೋದಳು. ಬಾಗಿಲಿಗೆ ಕಾವಲು, ಗೋಡೆಗೆ ಫ್ಯಾನು, ಎದುರಿಗೆ ಏಳು ತಿರುವಿನ ಒಂದು ಮಣ್ಣಿನ ದಿಬ್ಬ.

ಸೈನ್ಯದ ಕಾಗದವನ್ನು ಮನೆಯಲ್ಲಿ ಓದಿದವಳು ಹೆಂಡತಿ. ಮೂಲ ಆಕರ, ಹೇಸರಗತ್ತೆ, ಒಂದು. ಎಡಬದಿಯ ಭಾರ, ಒಂದು. ಎರಡನ್ನೂ ಇದ್ದ ಸ್ಥಿತಿಯಲ್ಲೇ ಕಾಪಾಡತಕ್ಕದ್ದು, ಅಪ್ಪಣೆಯಿಲ್ಲದೆ ದುರಸ್ತಿ ಮಾಡಕೂಡದು.

"ಎಡಬದಿಯ ಭಾರ ಅಂದ್ರೆ ಏನ್ರೀ?"

"ನಾನೇ ಕಣೆ."

"ಇಷ್ಟು ವರ್ಷ ಹೊತ್ತೋಳು ನಾನು, ಕಾಗದ ಅವಳಿಗೆ" ಎಂದಳು ಹೆಂಡತಿ. ಆದರೂ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಳು.

ದುರಸ್ತಿಯ ಮಾತು ಬರಿಯ ಮಾತಾಗಿರಲಿಲ್ಲ. ವಿಶ್ವವಿದ್ಯಾಲಯದ ಆಸ್ಪತ್ರೆಯ ಮೂಳೆ ಡಾಕ್ಟರು ಅವನು ಕುಂಟುವುದನ್ನು ಕಂಡು ಕರೆಸಿ, ಚಿಕ್ಕ ಆಪರೇಷನ್ನು, ನಾನೇ ಮಾಡುತ್ತೇನೆ ಎಂದು ಕೇಳದೆಯೇ ಮುಂದೆ ಬಂದಿದ್ದರು. ಅವರ ಚೀಟಿ ಮೇಲಿನ ತನಕ ಹೋಗಿ, ಸೈನ್ಯದ ಸಲಕರಣೆಗೆ ಕೈ ಹಚ್ಚಬಾರದೆಂಬ ಕೆಂಪು ಮುದ್ರೆ ಹೊತ್ತು ತಿರುಗಿ ಬಂತು. ಹತ್ತೊಂಬತ್ತು ವರ್ಷ ಸೈನ್ಯದಿಂದ ಮುಚ್ಚಿಟ್ಟ ಮಂಡಿಗೆ ಈಗ ಸೈನ್ಯವೇ ಕಾವಲು ನಿಂತಿತ್ತು. ಡಾಕ್ಟರು ಬೇಜಾರು ಮಾಡಿಕೊಂಡರು. ಲಾಯದಣ್ಣ, ಅದು ಹಳೇ ಸ್ನೇಹಿತ ಬಿಡಿ ಎಂದು ಅವರನ್ನೇ ಸಮಾಧಾನ ಮಾಡಿ ಬಂದ.

ವರ್ಷ ತುಂಬುವ ಹೊತ್ತಿಗೆ ಯಂತ್ರಗಳು ಮೇಲಿನ ಠಾಣೆಗಳನ್ನು ಸೇರಿದವು. ಅಲ್ಲಿಂದ ಒಂದು ಕೋರಿಕೆ ಬಂತು. ಸೈನಿಕರಲ್ಲಿ ಬಲಗಡೆ ಒರಗುವವರೂ ಇದ್ದಾರೆ, ಯಂತ್ರ ಎಡಕ್ಕಷ್ಟೇ ವಾಲುವುದರಿಂದ ತಿರುವಿನಲ್ಲಿ ನೂಕುನುಗ್ಗಲಾಗುತ್ತಿದೆ. ಪ್ರೊಫೆಸರರು ಕೊಟ್ಟಿಗೆಗೆ ಬಂದು, ಕೆಮ್ಮಿ, ಬೂಟಿನ ಮೇಲಿನ ಹುಲ್ಲು ಕೊಡವಿ, ಕೊನೆಗೆ ಕೇಳಿದರು.

"ಬಲಗಡೆಗೂ ಸ್ವಲ್ಪ ಕಲಿಸೋಕಾಗುತ್ತಾ ಲಾಯದಣ್ಣ?"

ಲಾಯದಣ್ಣ ಯೋಚಿಸಿದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ, ಬಾಯಿ ಮುಚ್ಚಿಕೊಳ್ಳುವ ಅಭ್ಯಾಸವಿತ್ತು, ಈಗ ಅದೂ ಬಿಟ್ಟುಹೋಗಿತ್ತು.

"ಎಡಗಡೆದು ಇಷ್ಟು ಚೆನ್ನಾಗಿ ಬರೋಕೆ ಅವಳಿಗೆ ಹತ್ತೊಂಬತ್ತು ವರ್ಷ ಹಿಡೀತು ಸಾಹೇಬ್ರೆ. ಬಲಗಡೆಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ."

ಪ್ರೊಫೆಸರರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಎರಡನೆಯ ಹಂತ, ಬಲಬದಿ, ಅವಧಿ ಹತ್ತೊಂಬತ್ತು ವರ್ಷ. ಸೈನ್ಯ, ವಿಶ್ವವಿದ್ಯಾಲಯ, ಕಂಪನಿ, ಮೂವರೂ ರುಜು ಹಾಕಿದರು. ಅಷ್ಟು ವರ್ಷ ಯಜಮಾನಿಯ ಹಲ್ಲು ಮುಟ್ಟಿ ನೋಡಲು ಯಾರಿಗೂ ಅಧಿಕಾರವಿಲ್ಲವೆಂದಾಯಿತು.

ಕೆಲಸ ಒಪ್ಪಿಕೊಂಡ ಮೇಲೆ ಮಾಡದಿರುವುದು ಹೇಗೆ? ಮಾರನೆಯ ಬೆಳಿಗ್ಗೆ ಅಳತೆಯಮ್ಮ ಪಟ್ಟಿ ಕಟ್ಟಿ ಕ್ಯಾಮೆರಾ ಹಾಕಿದಳು, ಈ ಸಲ ಯಾರನ್ನೂ ಅಳಿಸುವುದಿಲ್ಲವೆಂದಳು. ಲಾಯದಣ್ಣ ಮೊದಲ ಸಲ ಯಜಮಾನಿಯ ಬಲಕ್ಕೆ ನಿಂತು ದಿಬ್ಬ ಹತ್ತಿದ. ತಿರುವು ಬಂತು. ಅವಳು ನಿಂತಳು. ಅವನು ಒರಗಲು ಹೋದ. ಅವಳು ಕತ್ತು ತಿರುಗಿಸಿ ಅವನನ್ನು ನೋಡಿ, ಅವಸರವಿಲ್ಲದೆ ನಾಲ್ಕು ಹೆಜ್ಜೆ ಸುತ್ತುಹಾಕಿ, ತನ್ನ ಎಡ ಹೆಗಲನ್ನು ತಂದು ಅವನ ಮುಂದೆ ಇಟ್ಟಳು.