ಮಣ್ಣು ತಿಂದ ಸಾವುಕಾರ

“ಏ ರಂಡಿ, ದೂರ ಸರಿ! ಹುಚ್ಚ ಹಿಡದ ಮನಶಾನ ಮೈಮ್ಯಾಲ ಬೀಳ್ತಿಯೇನಲೇ?”

ಬೈದವನು ಖಂಡಪ್ಪ ಸಾವುಕಾರನ ಹೆಂಡತಿಯ ತಮ್ಮ. ಬೈಸಿಕೊಂಡವಳು ನನ್ನ ಅತ್ತೆ ಶೇಖಮ್ಮ. ಕೋರ್ಟಿನ ಪಡಸಾಲೆಯಲ್ಲಿ ಸಾವುಕಾರ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಹೂವಿನ ಕುಂಡದೊಳಗಿನ ಮಣ್ಣು ಬಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಜೊಲ್ಲು ಬೇರೆ. ಅತ್ತೆ ಕೇಳಿದ್ದು ಇಷ್ಟೇ: “ನಮ್ಮ ನೆಲ್ಲ ಏನ್ ಮಾಡಿದ್ರಿ ಸಾವ್ಕಾರ್ರ?”

ನೆಲ್ಲು ಅಂದರೆ ನಮ್ಮ ಇಡೀ ಬೆಳೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕೇರಿಯವರ ತುಂಡು ಹೊಲದಲ್ಲೂ ಅನ್ನ ಕಂಡಿತ್ತು. ಅದನ್ನು ಶಹಾಪುರದ ಇವನ ಮಿಲ್ಲಿಗೆ ಹಾಕುವುದು, ಅವನು ಕೊಟ್ಟಾಗ ರೊಕ್ಕ ತಗೊಳ್ಳುವುದು, ಅದೇ ರೂಢಿ. ಅಲ್ಲಿ ನೀರಡಿಸಿದರೆ ನಾವು ಬೊಗಸೆ ಒಡ್ಡಬೇಕು, ಹಮಾಲ ಮೇಲಿನಿಂದ ಹೊಯ್ಯಬೇಕು. ಅದೂ ರೂಢಿಯೇ. ಈ ಸಲ ನೆಲ್ಲು ನುಂಗಿದವನು ಮಿಲ್ಲನ್ನು ಹೆಂಡತಿಯ ತಮ್ಮನ ಹೆಸರಿಗೆ ಬರೆದು, ದಿವಾಳಿ ಎದ್ದೆ ಅಂತ ಕೋರ್ಟಿಗೆ ಅರ್ಜಿ ಹಾಕಿದ. ನಾವು ಮೋಸ ಅಂದೆವು. ಅವನು ಹುಚ್ಚು ಅಂದ.

ಒಳಗೆ ಅವನ ವಕೀಲ ಎದ್ದು ನಿಂತ. “ಸ್ವಾಮಿ, ಮಿಲ್ಲು ಬರೆದುಕೊಡುವಾಗ ಇವರ ಬುದ್ಧಿ ಸ್ತಿಮಿತದಲ್ಲಿರಲಿಲ್ಲ. ಬುದ್ಧಿಯೇ ಇಲ್ಲದವರಿಗೆ ಮೋಸ ಮಾಡುವ ಉದ್ದೇಶ ಎಲ್ಲಿಂದ ಬರಬೇಕು?”

ಅತ್ತೆಗೆ ತಡೆಯಲಾಗಲಿಲ್ಲ. “ಹುಚ್ಚ ಬರದು ಕೊಟ್ಟ ಮಿಲ್ಲ ಹೆಂಗ ನಡಿತದ್ರಿ? ವಾಪಸ್ ತಗೋರಿ ಮತ್ತ!”

“ಸುಮ್ನಿರವ್ವ. ಅದಕ್ಕ ಬ್ಯಾರೆ ದಾವಾ ಹಾಕಬೇಕಾಗ್ತದ,” ಅಂತ ನಮ್ಮ ವಕೀಲನೇ ಅವಳ ಬಾಯಿ ಮುಚ್ಚಿಸಿದ.

ಅಷ್ಟರಲ್ಲಿ ಮುಷ್ಟಿಯಲ್ಲಿ ಹಿಡಿದು ತಂದಿದ್ದ ಮಣ್ಣು ಸಾವುಕಾರನ ಗಂಟಲಿಗೆ ಹತ್ತಿತು. ಕಣ್ಣು ಮೇಲೆ ಸಿಕ್ಕಿಸಿಕೊಂಡು ಕೆಮ್ಮತೊಡಗಿದ. ಎಲ್ಲರೂ ನೀರು ನೀರು ಅಂದರೇ ಹೊರತು ಯಾರೂ ತರಲಿಲ್ಲ. ನನ್ನ ಅತ್ತೆಯ ಕರುಳೇ ಅಂಥದು. ಬುತ್ತಿಯ ಜೋಡಿ ತಂದಿದ್ದ ತಂಬಿಗೆ ಎತ್ತಿ ಅವನ ಬಾಯಿಗೆ ಹಿಡಿದಳು.

ಸಾವುಕಾರ ತಂಬಿಗೆ ನೋಡಿದ. ಹಿಡಿದ ಕೈ ನೋಡಿದ. ತುಟಿ ಬಿಗಿದು ಹಿಂದೆ ಸರಿದ.

“ಥೂ! ನಿಮ್ಮ ನೀರು ಕುಡಿಬೇಕೇನಲೇ ನಾ?”

ಮಾತು ಸ್ವಚ್ಛವಾಗಿತ್ತು. ಕುಂಡದ ಮಣ್ಣು ನಡೆದಿತ್ತು, ನಮ್ಮ ನೀರು ನಡೆಯಲಿಲ್ಲ. ಹೆಂಡತಿ ಯಾರು, ಮಿಲ್ಲು ಯಾರದು ಅನ್ನುವುದು ಮರೆತವನಿಗೆ ನಮ್ಮ ಜಾತಿ ನೆನಪಿತ್ತು.

“ನೋಡ್ರಿ ಸಾಹೇಬ್ರ, ನೋಡ್ರಿ!” ಅಂತ ನಾನು ಜಡ್ಜ್ ಸಾಹೇಬರಿಗೆ ಕೂಗಿ ಹೇಳಿದೆ.

ಸಾವುಕಾರನ ವಕೀಲ ನಕ್ಕ. “ಸ್ವಾಮಿ, ಅದು ಸಂಸ್ಕಾರ. ಬುದ್ಧಿ ಹೋದರೂ ಅದು ಹೋಗುವುದಿಲ್ಲ.”

ಸಾಹೇಬರು ತಲೆ ಆಡಿಸಿ, ಸಾವುಕಾರನಿಗೆ ತಮ್ಮ ಮೇಜಿನ ಮೇಲಿನ ಗ್ಲಾಸು ಕೊಡಿಸಿದರು. ಅದನ್ನು ಗಟಗಟ ಕುಡಿದ.

ತೀರ್ಪಿನ ದಿನ ಹೊರಗೆ ಬಂದು ಅತ್ತೆ ನಮ್ಮ ವಕೀಲನನ್ನು ಕೇಳಿದಳು, “ಸಾಹೇಬ್ರು ಏನಂದ್ರರಿ?”

“ಹುಚ್ಚ ಇದ್ದವರಿಗಿ ಗುನ್ಹೆ ಹತ್ತಂಗಿಲ್ಲಂತ.”

“ಖರೇನ?”

“ಖರೇನವ್ವ.”

ಅವಳು ಊರಿನ ಬಸ್ಸಿನ ಕಡೆ ಹೋಗಲಿಲ್ಲ. ನೆಟ್ಟಗೆ ಮಿಲ್ಲಿಗೆ ನಡೆದಳು. ನಾನು ಹಿಂದೆ ಹಿಂದೆ ಓಡಿದೆ. ಬಾಗಿಲ ಪಕ್ಕದ ಕುಡಿಯುವ ನೀರಿನ ಹರವಿಯ ಮುಚ್ಚಳ ತೆಗೆದು, ತಂಬಿಗೆ ಅದ್ದಿ, ನಿಂತಲ್ಲೇ ಎತ್ತಿ ಕುಡಿದಳು. ಉಳಿದ ನೀರನ್ನು ತಿರುಗಿ ಹರವಿಗೇ ಸುರಿದಳು.

ಹೆಂಡತಿಯ ತಮ್ಮ ಹಾರಿ ಬಂದ. “ಹರವಿ ಮುಟ್ಟಿದೇನಲೇ? ತಲಿ ಕೆಟ್ಟದೇನ ನಿನಗ?”

“ಹೌದ್ರಿ, ಕೆಟ್ಟದ. ಹುಚ್ಚ ಹಿಡದದ,” ಅಂದಳು ಅತ್ತೆ. ಹೋಗಿ ನೆಲ್ಲಿನ ಚೀಲದ ಮೇಲೆ ಕೈಯಿಟ್ಟಳು. “ನನಗ ಗುನ್ಹೆ ಹತ್ತಂಗಿಲ್ಲ. ಏ ಲಾಲಮ್ಮ, ಹೋಗಿ ಗಾಡಿ ಹೊಡಕೊಂಡ ಬಾ.”

ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. ಅವನು ಬಡಿಗೆ ಹುಡುಕುತ್ತಿದ್ದ. ನಾನು ಗಾಡಿ ತರಲು ಓಡಿದೆ. ನನಗೂ ಹುಚ್ಚು ಹಿಡಿದಿತ್ತು.