ನೀರಿಗೆ ಒಂಬತ್ತು

ಸಿರಪ್ಪು, ಮಾತ್ರೆಗಳ ಕಹಿ ಅಳೆಯುವುದು ಹಿಂದೆ ಇಲಿಗಳ ಪಾಲಿನ ಕೆಲಸವಾಗಿತ್ತು. ಆ ಮೂಕಪ್ರಾಣಿಗಳಿಗೆ ಬಿಡುಗಡೆ ಸಿಕ್ಕ ಮೇಲೆ ಅದು ಅಕ್ಕನ ನಾಲಿಗೆಗೆ ಬಂತು. ಒಂದು ಗುಟುಕು ಮದ್ದು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗುಳಿ, ಸೊನ್ನೆಯಿಂದ ಹತ್ತರೊಳಗೆ ಕಹಿಗೆ ತಕ್ಕ ಅಂಕ ಕೊಡಬೇಕು. ಆ ಪ್ರಯೋಗಾಲಯದಲ್ಲಿ ಅವಳ ಮಾತೇ ಮಾತು. ತಂಗಿಯನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು ಅನ್ನಿ.

ಕೆಲವೇ ತಿಂಗಳಲ್ಲಿ ಎಲ್ಲರ ಬಾಯಲ್ಲೂ ತಂಗಿಯದೇ ಹೆಸರು. ಮೇಲ್ವಿಚಾರಕರು ಅವಳನ್ನು ಹೊಗಳಿದಾಗಲೆಲ್ಲ ಅಕ್ಕನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಸಾಲದ್ದಕ್ಕೆ ರುಚಿ ಹೇಳುವ ಯಂತ್ರವೊಂದು ಬಂದಿತ್ತು. ಅದಕ್ಕೆ ಕಹಿಯ ಪಾಠ ಹೇಳಿಕೊಡುವ ಕುರ್ಚಿ ಇವತ್ತಿನ ಪರೀಕ್ಷೆಯಲ್ಲಿ ಗೆದ್ದವರಿಗೆ. ಅಕ್ಕನಿಗೆ ಅದು ಬೇಕೇ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ತಂಗಿಗೆ ಸಿಗಬಾರದಿತ್ತು.

ಇಬ್ಬರ ನಡುವೆ ಹಲಗೆಯ ಅಡ್ಡಗೋಡೆ. ಮೊದಲೆರಡು ಲೋಟ ಸಲೀಸಾಗಿ ಮುಗಿದವು. ಮೂರನೆಯದನ್ನು ಎಷ್ಟು ಮುಕ್ಕಳಿಸಿದರೂ ಅಕ್ಕನಿಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಆಚೆ ತಂಗಿ ಕ್ಯಾಕರಿಸಿ ಉಗುಳಿ ಮತ್ತೆ ಮತ್ತೆ ಬಾಯಿ ತೊಳೆಯುವ ಸದ್ದು ಬಂತು. ಅವಳಿಗೆ ಅಷ್ಟು ಕಹಿಯಾದದ್ದು ತನ್ನ ನಾಲಿಗೆಗೆ ಹತ್ತಲಿಲ್ಲವೇ? ಅಕ್ಕ ಹಿಂದೆ ಮುಂದೆ ನೋಡದೆ ಒಂಬತ್ತು ಬರೆದಳು.

ಲೋಟಗಳ ಸರದಿ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ. ಪಕ್ಕದವರ ಮೇಲೆ ಕಿವಿಯಿಟ್ಟು ಅಂಕ ಕೊಡಬಾರದೆಂದೇ ಆ ಏರ್ಪಾಡು. ಹೊಸಬರಿಗೆಲ್ಲ ಇದನ್ನು ಹೇಳಿಕೊಡುತ್ತಿದ್ದವಳು ಅಕ್ಕನೇ. ಹೊಟ್ಟೆಕಿಚ್ಚಿನಲ್ಲಿ ಅದು ತಲೆಯಿಂದ ಹಾರಿಹೋಗಿತ್ತು. ಅವಳ ಮೂರನೆಯ ಲೋಟದಲ್ಲಿದ್ದದ್ದು ಬರೀ ನೀರು.

ಮೇಲ್ವಿಚಾರಕರು ಇಬ್ಬರನ್ನೂ ಕರೆಸಿ ಕನ್ನಡಕ ತೆಗೆದರು. "ಏನಮ್ಮ, ನೀರಿಗೆ ಒಂಬತ್ತು ಕೊಟ್ಟಿದ್ದೀರಲ್ಲ?"

ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ಅಂದಳು: "ಸರ್, ಅಕ್ಕಂಗೆ ಬೆಳಿಗ್ಗೆಯಿಂದ ಜ್ವರ. ಜ್ವರದ ಬಾಯಿಗೆ ನೀರೂ ಕಹೀನೇ ಅಲ್ವಾ? ನಾಳೆ ಇಬ್ರಿಗೂ ಇನ್ನೊಂದ್ಸಲ ಪರೀಕ್ಷೆ ಮಾಡಿ."

ಅಕ್ಕನಿಗೆ ಜ್ವರವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಹೂಂ ಅಂದರೆ ಕುರ್ಚಿಯ ಆಸೆ ಉಳಿಯುತ್ತದೆ, ಆದರೆ ಅದು ಇವಳು ಹಾಕಿದ ಭಿಕ್ಷೆ. ಒಂದು ಕೊಂಕು ಮಾತಾಡಿದ್ದರೂ ಇವಳನ್ನು ಮನಸಾರೆ ದ್ವೇಷಿಸಬಹುದಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದಾಗಬೇಕೇ?

"ಜ್ವರಗಿರ ಏನಿಲ್ಲ ಸರ್," ಅಂದಳು ಅಕ್ಕ. "ಅವಳು ಉಗುಳಿದ್ದು ಕೇಳಿ ಬರೆದ್ಬಿಟ್ಟೆ. ಕುರ್ಚಿ ಅವಳಿಗೇ ಕೊಡಿ."

ತಂಗಿಯ ಕಣ್ಣು ತುಂಬಿ ಬಂತು. ಮೇಲ್ವಿಚಾರಕರು ಮತ್ತೆ ಕನ್ನಡಕ ಹಾಕಿಕೊಂಡು, "ನಿಮ್ಮಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನ ನಾನು ನೋಡಿಲ್ಲ ಕಣಮ್ಮ," ಎಂದರು. ಅಕ್ಕ ತಲೆ ಬಗ್ಗಿಸಿದಳು. ಬಗ್ಗಿಸಿದವಳೇ ಓರೆಗಣ್ಣಿನಿಂದ ನೋಡಿದಳು, ತಂಗಿಗೆ ಅದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು.